ನೂರು ಮಣಿಯ ಸರ: ಒಂದು ವರ್ಷ ಬಳಸಿ ಬರೆದದ್ದು

ಕಳೆದ ವರ್ಷ ಜೂನ್‌ನಲ್ಲಿ ಶಾಲೆ ಶುರುವಾದ ವಾರ ಮಕ್ಕಳಿಗೆ ಲೆಕ್ಕ ಕಲಿಸಲು ನಾನು ಸ್ವಂತ ದುಡ್ಡಿನಲ್ಲಿ ಆರು ಮಣಿಸರ ತರಿಸಿಕೊಂಡೆ. ಇಡೀ ತರಗತಿಗೆ ಕಾಣುವಂತೆ ತೂಗುಹಾಕಲು ದೊಡ್ಡ ಮಣಿಗಳದು ಒಂದು, ಮಕ್ಕಳ ಕೈಗೆ ಕೊಡಲು ಸಣ್ಣವು ಐದು. ದೊಡ್ಡದಕ್ಕೆ 450 ರೂಪಾಯಿ, ಸಣ್ಣದಕ್ಕೆ ತಲಾ 90. ಎಲ್ಲವೂ ನೂರು ಮಣಿಯವು: ಹತ್ತು ಕೆಂಪು, ಹತ್ತು ಬಿಳಿ, ಮತ್ತೆ ಹತ್ತು ಕೆಂಪು, ಹೀಗೆ ಕೊನೆಯವರೆಗೆ. ಶಾಲಾ ಅನುದಾನ ಬರಲಿ ಎಂದು ಕಾಯುವ ತಾಳ್ಮೆ ನನಗಿರಲಿಲ್ಲ. ಮನೆಯವರು ರಸೀದಿ ನೋಡಿ, “ಒಂಬೈನೂರು ರೂಪಾಯಿಗೆ ಆರು ಸರ, ಒಂದರಲ್ಲೂ ಬಂಗಾರವಿಲ್ಲ” ಎಂದರು.

ಸೊರಬ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನದು ನಲಿಕಲಿ ಕೋಣೆ. ಒಂದರಿಂದ ಮೂರನೆಯ ತರಗತಿಯವರೆಗಿನ 19 ಮಕ್ಕಳು ಒಟ್ಟಿಗೆ ಕೂತು, ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಈ ಪದ್ಧತಿಯ ಮೇಲೆ ನನಗೆ ಪ್ರೀತಿಯೇ ಇದೆ. ಹದಿನಾಲ್ಕು ವರ್ಷ ಇದರಲ್ಲೇ ಕಳೆದಿದ್ದೇನೆ. ಆದರೆ ಗಣಿತದ ಅವಧಿಯಲ್ಲಿ ಒಂದು ಕಸಿವಿಸಿ ಇತ್ತು. ಕಾರ್ಡು ಮುಗಿಸಿ ಕಲಿಕಾ ಏಣಿಯ (ಕಲಿಕೆಯ ಹಂತಗಳನ್ನು ತೋರಿಸುವ ಪಟ) ಮುಂದಿನ ಮೆಟ್ಟಿಲು ಹತ್ತುವ ಅವಸರ ಮಕ್ಕಳಿಗೆ, ಹತ್ತಿಸುವ ಅವಸರ ನನಗೆ. ಉತ್ತರ ಸರಿ ಇದ್ದರೆ ‘ಜಾಣೆ’, ತಪ್ಪಿದ್ದರೆ ‘ಇನ್ನೊಮ್ಮೆ ಮಾಡು’. ಹೇಗೆ ಮಾಡಿದೆ ಎಂದು ಕೇಳಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. 52ರಲ್ಲಿ 29 ಕಳೆ ಎಂದರೆ ಅರ್ಧಕ್ಕರ್ಧ ಮಕ್ಕಳು 37 ಎಂದು ಬರೆಯುತ್ತಿದ್ದರು. ಒಂಬತ್ತರಲ್ಲಿ ಎರಡು ಹೋದರೆ ಏಳು, ಐದರಲ್ಲಿ ಎರಡು ಹೋದರೆ ಮೂರು. ಎರಡರಲ್ಲಿ ಒಂಬತ್ತು ಹೋಗುವುದಿಲ್ಲ, ಪಕ್ಕದ ಮನೆಯಿಂದ ಸಾಲ ತೆಗೆದುಕೊ ಎಂದು ನೂರು ಸಲ ಹೇಳಿದ್ದೆ. ಸಾಲ ತಂದವರೂ ಪಕ್ಕದ ಮನೆಯಲ್ಲಿ ಅಷ್ಟು ಕಡಿಮೆಯಾಯಿತು ಎಂಬುದನ್ನು ಮರೆತರು. ದೊಡ್ಡವರೂ ಮಾಡುವುದು ಅದನ್ನೇ ಬಿಡಿ.

ಸರದ ವಿಷಯಕ್ಕೆ ಬರುತ್ತೇನೆ. ದೊಡ್ಡ ಸರದ ಮಣಿಗಳು ಪ್ಲಾಸ್ಟಿಕ್ಕಿನವು, ಒಂದೊಂದು ಹೆಚ್ಚುಕಡಿಮೆ ಎರಡೂವರೆ ಸೆಂಟಿಮೀಟರ್ ದಪ್ಪ. ಎಲ್ಲ ಕೂಡಿಸಿದರೆ ಎರಡೂವರೆ ಮೀಟರ್ ಆಯಿತು, ಮಣಿಗಳು ಆಚೀಚೆ ಸರಿಯಲು ದಾರ ಇನ್ನರ್ಧ ಮೀಟರ್. ಕಿಟಕಿಯ ಸರಳಿನಿಂದ ಕರಿಹಲಗೆಯ ಪಕ್ಕದ ಮೊಳೆಯವರೆಗೆ, ಒಂದನೆಯ ತರಗತಿಯವರ ಕೈಗೆಟುಕುವ ಎತ್ತರದಲ್ಲಿ ಕಟ್ಟಿದೆ. ಗುರುತಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು. ಕ್ಲಿಪ್ಪನ್ನು ಮಣಿಯ ಮೇಲಲ್ಲ, ಮಣಿ ಮುಗಿದ ಮೇಲೆ ದಾರಕ್ಕೆ ಹಾಕಬೇಕು. ಇದು ಚಿಕ್ಕ ವಿಷಯದಂತೆ ಕಾಣುತ್ತದೆ, ಆದರೆ ಜೊತೆಗೆ ಬಂದ ಪುಸ್ತಿಕೆಯಲ್ಲಿ ಇದರ ಸುದ್ದಿಯೇ ಇಲ್ಲ, ನಾನು ಒಂದು ವಾರ ಒದ್ದಾಡಿದೆ. ಮಣಿಯ ಮೇಲೆ ಹಾಕಿದರೆ ಎರಡು ಕ್ಲಿಪ್ಪಿನ ನಡುವೆ ಎಷ್ಟು ಎಂದು ಕೇಳಿದಾಗ ಒಬ್ಬೊಬ್ಬರದು ಒಂದೊಂದು ಉತ್ತರ.

ಇದು ನಿನ್ನೆ ಮೊನ್ನೆ ಹುಟ್ಟಿದ ವಸ್ತುವಲ್ಲ. ನೆದರ್ಲೆಂಡ್ಸ್‌ನಲ್ಲಿ ಹನ್ಸ್ ಫ್ರಾಯ್ಡೆಂಥಾಲ್ ಎಂಬ ಗಣಿತಜ್ಞರ ಚಿಂತನೆಯಿಂದ ಬೆಳೆದ ಬೋಧನಾಕ್ರಮದಲ್ಲಿ ಮಕ್ಕಳು ಮೊದಲು ಇಂಥ ಮಣಿಸರದ ಮೇಲೆ, ಒಂದೊಂದೇ ಎಣಿಸದೆ ಹತ್ತು ಹತ್ತಾಗಿ ಜಿಗಿಯುತ್ತ ಲೆಕ್ಕ ಮಾಡುತ್ತಾರೆ. ಆಮೇಲೆ ಸರ ಬಿಟ್ಟು, ಅಂಕಿಯೇ ಇಲ್ಲದ ಒಂದು ಗೆರೆ ಎಳೆದು ಅದರ ಮೇಲೆ ತಮಗೆ ಬೇಕಾದ ಸಂಖ್ಯೆಗಳನ್ನು ಮಾತ್ರ ಗುರುತಿಸಿಕೊಂಡು ಜಿಗಿಯುತ್ತಾರೆ. ನಮ್ಮಲ್ಲಿ ದೆಹಲಿಯ ಜೋಡೋಜ್ಞಾನ್ ಸಂಸ್ಥೆ ‘ಗಣಿತಮಾಲಾ’ ಎಂಬ ಹೆಸರಿನಲ್ಲಿ ಇದನ್ನು ಶಾಲೆಗಳಿಗೆ ಮುಟ್ಟಿಸಿದೆ. ನಾನು ಕೊಂಡದ್ದು ಅವರದ್ದಲ್ಲ, ಬೇರೊಬ್ಬ ಮಾರಾಟಗಾರರದು. ಮುಂದಿನ ದೂರುಗಳನ್ನು ಜೋಡೋಜ್ಞಾನ್‌ನವರ ತಲೆಗೆ ಕಟ್ಟಬೇಡಿ.

ಮೊದಲ ತಿಂಗಳು ನಾನು ಮಾಡಿದ್ದು ಶುದ್ಧ ಪಠಣ. ಬೆಳಿಗ್ಗೆ ಹಾಲು ಕುಡಿದಾದ ಮೇಲೆ ಒಬ್ಬರು ಕೋಲಿನಿಂದ ಮಣಿ ಸರಿಸುವುದು, ಉಳಿದವರು ಒಂದರಿಂದ ನೂರರವರೆಗೆ ಕೂಗುವುದು. ನೋಡಲು ಚೆನ್ನಾಗಿತ್ತು, ರಸ್ತೆಯಲ್ಲಿ ಹೋಗುವವರಿಗೂ ಕೇಳುತ್ತಿತ್ತು. ಒಂದೇ ತೊಂದರೆ, ನೂರು ಎಂದು ಕೂಗಿದಾಗ ಒಂದು ಮಣಿ ಉಳಿಯುತ್ತಿತ್ತು. ಕೋಲು ಹಿಡಿದವರು ಎಲ್ಲೋ ತಪ್ಪಿದರು ಎಂದುಕೊಂಡು ಆ ಮಣಿಯನ್ನೂ ನಾನೇ ಆಚೆ ತಳ್ಳಿಬಿಡುತ್ತಿದ್ದೆ. ದಿನವೂ.

ಜುಲೈನಲ್ಲಿ ಒಂದು ಮಳೆಯ ದಿನ ಹಾಜರಿ ಕಡಿಮೆ ಇತ್ತು. 63ಕ್ಕೆ ಕ್ಲಿಪ್ ಹಾಕಿ ಎಂದೆ. ಕಾವ್ಯ (ಮಕ್ಕಳ ಹೆಸರು ಬದಲಿಸಿದ್ದೇನೆ) ಬಣ್ಣ ನೋಡಿ ಹತ್ತು, ಇಪ್ಪತ್ತು, ಮೂವತ್ತು ಎಂದು ಆರು ಕಟ್ಟು ಜಿಗಿದು, ಮೂರು ಮಣಿ ಸೇರಿಸಿ ಕ್ಲಿಪ್ ಹಾಕಿದಳು. ಎರಡನೆಯ ತರಗತಿಯ ಸಮೀರನಿಗೆ ಜಿಗಿತದ ಮೇಲೆ ನಂಬಿಕೆ ಇಲ್ಲ. ಒಂದೊಂದೇ ಮಣಿ ಮುಟ್ಟಿ ಎಣಿಸಿದ. ಅವನ ಕ್ಲಿಪ್ಪು ಒಂದು ಮಣಿ ಹಿಂದೆ ಬಿತ್ತು.

“ಇನ್ನೊಮ್ಮೆ ಎಣಿಸು” ಎಂದೆ. ಎಣಿಸಿದ. ಅಲ್ಲೇ. “ನಿಧಾನವಾಗಿ ಎಣಿಸು” ಎಂದೆ. ಮತ್ತೆ ಅಲ್ಲೇ. ಮೂರನೆಯ ಸಲ ಹೇಳುವ ಹೊತ್ತಿಗೆ ಅವನ ಕಣ್ಣಲ್ಲಿ ನೀರಿತ್ತು, ಆದರೂ ಕ್ಲಿಪ್ ಕದಲಿಸಲಿಲ್ಲ. ಆಗ ಮೂರನೆಯ ತರಗತಿಯ ಒಬ್ಬ ಹುಡುಗ, ಏಣಿಯಲ್ಲಿ ಎಲ್ಲರಿಗಿಂತ ಹಿಂದೆ ಇರುವವನು, ಎದ್ದು ಬಂದು ಹೇಳಿದ: “ಅಕ್ಕೋರೆ, ಇಬ್ಬರೂ ಮೊದಲಿನಿಂದ ಒಟ್ಟಿಗೆ ಬರಲಿ. ಎಲ್ಲಿ ಜಗಳ ಶುರುವಾಗುತ್ತದೆ ನೋಡೋಣ.”

ನಾನು ಸುಮ್ಮನಾದೆ. ಹತ್ತಕ್ಕೆ ಇಬ್ಬರದೂ ಒಂದೇ ಜಾಗ. ಇಪ್ಪತ್ತು, ಮೂವತ್ತು, ನಲವತ್ತಕ್ಕೂ ಹಾಗೆಯೇ. ಐವತ್ತಕ್ಕೆ ಬಂದಾಗ ಕಾವ್ಯಳ ಕ್ಲಿಪ್ಪು ಕೆಂಪಿನ ಕೊನೆಯಲ್ಲಿತ್ತು, ಸಮೀರನದು ಒಂದು ಕೆಂಪು ಉಳಿಸಿ ನಿಂತಿತ್ತು. ಐದನೆಯ ಕಟ್ಟಿನ ಮಣಿಗಳನ್ನು ನಾಲ್ಕು ಜನ ನಾಲ್ಕು ಸಲ ಎಣಿಸಿದರು. ಹನ್ನೊಂದು. ಕಾರ್ಖಾನೆಯಲ್ಲೇ ಒಂದು ಹೆಚ್ಚು ಪೋಣಿಸಿಬಿಟ್ಟಿದ್ದರು. ಅಂದರೆ ಒಂದು ತಿಂಗಳಿನಿಂದ ಪ್ರತಿದಿನ ಉಳಿಯುತ್ತಿದ್ದ ಮಣಿ ಸುಳ್ಳು ಹೇಳಿರಲಿಲ್ಲ, ಕೋಲು ಹಿಡಿದ ಮಕ್ಕಳೂ ತಪ್ಪಿರಲಿಲ್ಲ. ಸಮೀರನ ಹತ್ತಿರ ಕ್ಷಮೆ ಕೇಳಿದೆ. ಅವನು ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ, ಉಳಿದ ಐದು ಸಣ್ಣ ಸರಗಳನ್ನೂ ಪರೀಕ್ಷೆ ಮಾಡಲು ಹೊರಟಿದ್ದ.

ಗಣಿತದಲ್ಲಿ ಆಲೋಚನೆ ಬೆಳೆಸುವುದು ಎಂದರೇನು ಎಂದು ನಾನು ಎಷ್ಟೋ ತರಬೇತಿಗಳಲ್ಲಿ ಚಹಾ ಕುಡಿಯುತ್ತ ಕೇಳಿದ್ದೇನೆ. ಆ ದಿನ ನೋಡಿದೆ. ಅದೂ ನಾನು ಬಾಯಿ ಮುಚ್ಚಿದ ಮೇಲೆ.

ಮಾರಾಟಗಾರರಿಗೆ ಫೋನ್ ಮಾಡಿದರೆ ಫೋಟೋ ಕಳಿಸಿ ಎಂದರು. ನೂರೊಂದು ಮಣಿಯ ಫೋಟೋದಲ್ಲಿ ಹೆಚ್ಚಿನ ಮಣಿ ಯಾವುದು ಎಂದು ಯಾರಿಗೆ ಕಾಣಬೇಕು? ಐದನೆಯ ಕಟ್ಟಿನ ಮೇಲೆ ಬೆರಳಿಟ್ಟು ತೆಗೆದು ಕಳಿಸಿದೆ. ಒಂಬತ್ತು ದಿನದಲ್ಲಿ ಹೊಸ ಸರ ಬಂತು, ಹಳೆಯದನ್ನು ವಾಪಸು ಕೇಳಲಿಲ್ಲ, ಅಂಚೆ ಖರ್ಚೂ ಅವರದೇ. ಸೇವೆಗೆ ಪೂರ್ತಿ ಅಂಕ. ಗುಣಮಟ್ಟಕ್ಕೆ ಅಷ್ಟಿಲ್ಲ: ದೊಡ್ಡ ಸರದ ದಾರ ಮಳೆಗಾಲದಲ್ಲಿ ಜೋತುಬಿದ್ದು ಎರಡು ಸಲ ಬಿಗಿದೆ, ಕೆಂಪು ಬಣ್ಣ ಮಕ್ಕಳ ಒದ್ದೆ ಕೈಗೆ ಹತ್ತುತ್ತದೆ, ಸಣ್ಣ ಸರಗಳಲ್ಲಿ ಎರಡರ ಗಂಟು ಬಿಚ್ಚಿ ಮಣಿಗಳೆಲ್ಲ ಬೀರುವಿನ ಅಡಿಗೆ ಉರುಳಿದವು. ಈಗ ಮೀನು ಹಿಡಿಯುವ ಗಾಳದ ದಾರಕ್ಕೆ ಪೋಣಿಸಿದ್ದೇನೆ, ಅಲುಗಾಡಿಲ್ಲ. ಪುಸ್ತಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇದೆ. ಕನ್ನಡ ಇಲ್ಲದ್ದು ಒಂದು ಕೊರತೆಯಾದರೆ, ಪ್ರತಿ ಲೆಕ್ಕಕ್ಕೂ ಒಂದೇ ದಾರಿ ತೋರಿಸಿರುವುದು ಅದಕ್ಕಿಂತ ದೊಡ್ಡ ಕೊರತೆ.

ಹೊಸ ಸರ ಬಂದ ಮೇಲೆ 52ರಲ್ಲಿ 29 ಕಳೆಯುವ ಲೆಕ್ಕವನ್ನು ಮತ್ತೆ ಕೊಟ್ಟೆ. ಈ ಸಲ ಪೆನ್ಸಿಲ್ ಮುಟ್ಟಬಾರದು ಎಂದು ಷರತ್ತು. ಕೇಳಿದ ಮೇಲೆ ಮನಸ್ಸಿನಲ್ಲೇ ಇಪ್ಪತ್ತು ಮಣಿ ಎಣಿಸುವವರೆಗೆ ಮಾತಾಡಬಾರದು ಎಂಬುದು ನನಗೆ ನಾನೇ ಹಾಕಿಕೊಂಡ ಷರತ್ತು. ಎಷ್ಟು ಕಷ್ಟವೆಂದರೆ, ಹನ್ನೆರಡಕ್ಕೆ ಬರುವಷ್ಟರಲ್ಲಿ ಸುಳಿವು ಕೊಡಲು ನಾಲಗೆ ತುರಿಸುತ್ತದೆ.

ಕಾವ್ಯ 52ರಿಂದ ಮೂರು ಕಟ್ಟು ಹಿಂದೆ ಜಿಗಿದು 22ಕ್ಕೆ ಹೋಗಿ, ಒಂದು ಮಣಿ ಹೆಚ್ಚು ಹೋದೆ ಎಂದು ಮುಂದೆ ಬಂದು 23ರಲ್ಲಿ ನಿಂತಳು. 29 ಅವಳಿಗೆ ಮೂವತ್ತರ ಪಕ್ಕದ ಮನೆ. (ಒಂಬತ್ತು ಎಂಬ ಮಾತಿನಲ್ಲೇ ‘ಹತ್ತಕ್ಕೆ ಒಂದು ಕಡಿಮೆ’ ಅಡಗಿದೆ ಎಂದು ಭಾಷಾಶಾಸ್ತ್ರ ಬಲ್ಲವರು ಬಿಡಿಸಿ ಹೇಳುತ್ತಾರೆ. ನನಗದು ಸರ ನೋಡುವವರೆಗೆ ಕಂಡಿರಲಿಲ್ಲ.) ಬಸ್ ನಿಲ್ದಾಣದ ಹತ್ತಿರ ಚಿಕ್ಕ ಅಂಗಡಿ ಇಟ್ಟವರ ಮಗಳು ಕಳೆಯಲೇ ಇಲ್ಲ. 29ರಲ್ಲಿ ಕ್ಲಿಪ್ ಹಾಕಿ ಮುಂದಕ್ಕೆ ಹೋದಳು: ಒಂದು ಸೇರಿಸಿದರೆ 30, ಇಪ್ಪತ್ತು ಸೇರಿಸಿದರೆ 50, ಇನ್ನೆರಡು. “ಅಮ್ಮ ಚಿಲ್ಲರೆ ಕೊಡುವುದು ಹೀಗೇ ಅಲ್ಲವೇ, ಅಕ್ಕೋರೆ?” ಎಂದಳು. ಅದೇ ಹುಡುಗಿ ಪುಸ್ತಕದಲ್ಲಿ 37 ಎಂದು ಬರೆದವಳು! ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಬಗ್ಗೆ 1985ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಂಥದ್ದೇ ಮಾತಿದೆ. ಗಿರಾಕಿಯ ಮುಂದೆ ಆ ಮಕ್ಕಳು ಮಾಡಿದ ಲೆಕ್ಕಗಳಲ್ಲಿ ನೂರಕ್ಕೆ 98 ಸರಿ. ಅದೇ ಲೆಕ್ಕಗಳನ್ನು ಬರೀ ಅಂಕಿಗಳಾಗಿ ಕಾಗದದ ಮೇಲೆ ಕೊಟ್ಟಾಗ ನೂರಕ್ಕೆ 37 ಮಾತ್ರ ಸರಿ. ಲೆಕ್ಕ ಬಾರದೆ ತಪ್ಪಿದ್ದಲ್ಲ, ಬರುವ ಲೆಕ್ಕವನ್ನು ಅಂಗಡಿಯಲ್ಲೇ ಬಿಟ್ಟು ಶಾಲೆಗೆ ಬರುತ್ತಾರೆ.

ಇಷ್ಟಕ್ಕೆ ನಾನು ತೃಪ್ತಳಾಗಿದ್ದೆ. ಆದರೆ ಏಣಿಯಲ್ಲಿ ಹಿಂದಿರುವ ಆ ಹುಡುಗ ಎರಡೂ ಕ್ಲಿಪ್ಪುಗಳನ್ನು ಆಡಿಸುತ್ತ ನಿಂತಿದ್ದ. 29ರದನ್ನು ಒಂದು ಮಣಿ ಮುಂದೆ ಸರಿಸಿದ, 52ರದನ್ನೂ ಒಂದು ಮಣಿ ಮುಂದೆ ಸರಿಸಿದ. “ನಡುವೆ ಇರುವುದು ಅಷ್ಟೇ ಇದೆ. ಈಗ 53ರಲ್ಲಿ 30 ಕಳೆದರೆ ಆಯಿತು. ಸಾಲ ಬೇಡ.” ನಾನು ಡಿ.ಎಡ್. ಓದಿದವಳು, ವ್ಯವಕಲನವನ್ನು ಹದಿನಾಲ್ಕು ವರ್ಷ ಕಲಿಸಿದವಳು. ನನಗೆ ಇದು ಹೊಳೆದಿರಲಿಲ್ಲ. ಆಮೇಲಿನ ಎರಡು ವಾರ ನಮ್ಮ ಕೋಣೆಯಲ್ಲಿ ಎಲ್ಲರೂ ಕ್ಲಿಪ್ ಸರಿಸುವವರೇ. 41ರಲ್ಲಿ 18 ಕಳೆಯಲು ಎರಡೆರಡು ಸರಿಸಿ 43ರಲ್ಲಿ 20. ಒಬ್ಬಳು ಇದನ್ನೇ ಕೂಡುವ ಲೆಕ್ಕಕ್ಕೂ ಹಚ್ಚಿ ತಪ್ಪು ಉತ್ತರ ತಂದಳು, ಯಾಕೆ ಆಗಲಿಲ್ಲ ಎಂಬ ವಾದ ಬಿಸಿಯೂಟದ ಗಂಟೆ ಹೊಡೆದರೂ ಮುಗಿಯಲಿಲ್ಲ.

ಹಾಗೆಂದು ಇದೊಂದಿದ್ದರೆ ಎಲ್ಲ ಆಯಿತು ಎಂದುಕೊಳ್ಳಬೇಡಿ. ಇಪ್ಪತ್ತೈದು ಎಂದಾಗ 205 ಎಂದು ಬರೆಯುವ ಮಕ್ಕಳಿಗೆ ಸರದಿಂದ ಉಪಯೋಗವಿಲ್ಲ. ಅದಕ್ಕೆ ಹತ್ತು ಹತ್ತು ಕಡ್ಡಿಯ ಕಟ್ಟು, 20ರ ಕಾರ್ಡಿನ ಸೊನ್ನೆಯ ಮೇಲೆ 5ರ ಕಾರ್ಡು ಕೂರಿಸುವ ಆಟವೇ ಬೇಕು. ಒಂದನೆಯ ತರಗತಿಯ ಮೊದಲ ತಿಂಗಳುಗಳಿಗೆ ಹುಣಸೆ ಬೀಜ ಇದಕ್ಕಿಂತ ವಾಸಿ, ಅದನ್ನು ಗುಂಪು ಮಾಡಬಹುದು, ಹಂಚಬಹುದು, ಅಳಗುಳಿಮಣೆಯ ಗುಳಿಗೆ ಹಾಕಬಹುದು, ದುಡ್ಡೂ ಇಲ್ಲ. ಗುಣಾಕಾರಕ್ಕೆ ಸರ ಸುಮಾರು. ಮೂರರ ಮಗ್ಗಿ ಬಣ್ಣದ ಗಡಿಯನ್ನು ಎಲ್ಲೆಲ್ಲಿ ದಾಟುತ್ತದೆ ಎಂದು ನೋಡುವುದು ಚೆಂದ, ಅದಕ್ಕಿಂತ ಹೆಚ್ಚಿಲ್ಲ. ಪಕ್ಕದ ಹಿರಿಯ ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರು ಇಡೀ ಸರವನ್ನೇ ‘ಒಂದು’ ಎಂದು ಹಿಡಿದು ದಶಮಾಂಶ ಕಲಿಸಲು ಒಯ್ದರು. ಚೆನ್ನಾಗಿ ಆಯಿತಂತೆ. ವಾಪಸು ತರಲು ನಾನೇ ಎರಡು ಸಲ ಹೋಗಬೇಕಾಯಿತು.

ಕೊಳ್ಳುವವರಿಗೆ ನನ್ನ ಸಲಹೆ: ದೊಡ್ಡ ಸರ ಒಂದನ್ನು ಕೊಳ್ಳಿ, ಸಣ್ಣವನ್ನು ಮಕ್ಕಳ ಜೊತೆ ಕೂತು ನೀವೇ ಪೋಣಿಸಿ. ಜಾತ್ರೆಯಲ್ಲಿ ಸಿಗುವ ಮಣಿ ಸಾಕು, ಹತ್ತಕ್ಕೊಮ್ಮೆ ಬಣ್ಣ ಬದಲಿಸುತ್ತ ಪೋಣಿಸುವುದೇ ಅರ್ಧ ಪಾಠ. ಪುಸ್ತಿಕೆಯನ್ನು ಬೀರುವಿನಲ್ಲಿಡಿ. ಅದರ ಬದಲು ಒಂದಕ್ಕಿಂತ ಹೆಚ್ಚು ಉತ್ತರ ಇರುವ ಪ್ರಶ್ನೆ ಕೇಳಿ: ಎರಡು ಕ್ಲಿಪ್ಪುಗಳ ನಡುವೆ 27 ಮಣಿ ಇರಬೇಕು, ಎಲ್ಲೆಲ್ಲಿ ಹಾಕಬಹುದು? ಕಣ್ಣು ಮುಚ್ಚಿ 48ನ್ನು ನೆನೆದುಕೊ, ಅದರ ಹತ್ತಿರ ಯಾವ ಬಣ್ಣ ಬದಲಾಗುತ್ತದೆ? ಐದರಲ್ಲಿ ಎಷ್ಟು ನಕ್ಷತ್ರ ಎಂದು ಕೇಳಿದರೆ, ಸರಕಿಗೆ ಮೂರು, ಸೇವೆಗೆ ಐದು. ಹನ್ನೊಂದನೆಯ ಆ ಮಣಿಗೆ ಹೇಗೆ ಕೊಡುವುದೋ ತಿಳಿಯದು.

ಹಳೆಯ ಸರವನ್ನು ಎಸೆದಿಲ್ಲ. ಹೊಸದನ್ನು ಮೂರನೆಯ ತರಗತಿಯವರು ಕೂರುವ ಮೂಲೆಗೆ ಕಟ್ಟಿ, ನೂರೊಂದು ಮಣಿಯದನ್ನು ಅದೇ ಕಿಟಕಿಯ ಬಳಿ ಬಿಟ್ಟಿದ್ದೇನೆ. ಈ ಜೂನ್‌ನಲ್ಲಿ ಸೇರಿದ ಏಳು ಮಕ್ಕಳು ಅದರ ಮುಂದೆ ನಿಂತು ಈಗ ನಲವತ್ತರವರೆಗೆ ಬಂದಿದ್ದಾರೆ. ಸಮೀರ ಮೂರನೆಯ ತರಗತಿಗೆ ಬಂದಿದ್ದಾನೆ, ಪ್ರತಿದಿನ ಅವರ ಎಣಿಕೆ ಕೇಳಿಸಿಕೊಳ್ಳುತ್ತಾನೆ. ಇನ್ನೂ ಬಾಯಿ ಬಿಟ್ಟಿಲ್ಲ.