ಕೆಐ-67 ಆಂಟಿಬಾಡಿ ಕೊಳ್ಳುವವರೇ, ಕ್ಲೋನ್ ನೋಡದೆ ದುಡ್ಡು ಕೊಡಬೇಡಿ

ಹಾಸನ, ಚಿಕ್ಕಮಗಳೂರು ಕಡೆ ಕೂತು ಫ್ಲೋ ಸೈಟೋಮೆಟ್ರಿ (ಬಣ್ಣ ಹಚ್ಚಿದ ಕೋಶಗಳನ್ನು ಲೇಸರ್ ಯಂತ್ರದಲ್ಲಿ ಒಂದೊಂದಾಗಿ ಅಳೆಯುವ) ಕೆಲಸ ಮಾಡುವವರು ಇದನ್ನು ಓದಿ. ನಮ್ಮ ಲ್ಯಾಬಿನಲ್ಲಿ ಆ ಯಂತ್ರ ಇಲ್ಲ. ಹಾಸನದಲ್ಲೇ ಕೋಶಗಳನ್ನು ಫಿಕ್ಸ್ ಮಾಡಿ (ರಾಸಾಯನಿಕ ಹಾಕಿ ಇದ್ದ ಸ್ಥಿತಿಯಲ್ಲೇ ನಿಲ್ಲಿಸಿ), ಐಸ್ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ಯುತ್ತೇವೆ. ಅಲ್ಲಿ ಯಂತ್ರಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆ. ತಪ್ಪು ಆಂಟಿಬಾಡಿ (ಬೇಕಾದ ಪ್ರೋಟೀನನ್ನು ಹುಡುಕಿ ಅಂಟುವ ಅಣು) ಬಂದರೆ ಅದರ ಜೊತೆ ಇದೆಲ್ಲವೂ ದಂಡ.

ಮೌಸ್ (ಇಲಿ) ಗುಲ್ಮದಲ್ಲಿ, ಅಂದರೆ ಸ್ಪ್ಲೀನ್‌ನಲ್ಲಿ, ಎಷ್ಟು ಕೋಶಗಳು ವಿಭಜನೆಯ ಹಾದಿಯಲ್ಲಿವೆ ಎಂದು ನಾವು ನೋಡಬೇಕಿತ್ತು. ಅದಕ್ಕೆ ಕೆಐ-67 ಪ್ರೋಟೀನ್ ಒಳ್ಳೆಯ ಗುರುತು. ಕೋಶ ವಿಭಜನೆಯ ಜಿ1, ಎಸ್, ಜಿ2, ಎಂ ಹಂತಗಳಲ್ಲಿ ಇರುತ್ತದೆ, ಸುಮ್ನೆ ಕೂತ ಜಿ0 ಕೋಶದಲ್ಲಿ ಇರುವುದಿಲ್ಲ. ಸೋಲ್‌ಎ15 ಕ್ಲೋನ್ (ಕ್ಲೋನ್ ಅಂದರೆ ಆಂಟಿಬಾಡಿಯ ನಿರ್ದಿಷ್ಟ ತಳಿ), ಎಫ್‌ಐಟಿಸಿ ಎಂಬ ಹೊಳೆಯುವ ಬಣ್ಣ ಜೋಡಿಸಿದ್ದು ಬೇಕು ಎಂದು ಆರ್ಡರ್‌ನಲ್ಲಿ ಸ್ಪಷ್ಟವಾಗಿ ಬರೆದಿದ್ದೆವು. ಬಂದದ್ದು ಬಣ್ಣವೇ ಇಲ್ಲದ ಎಂಐಬಿ-1 ಎಂಬ ಬೇರೆ ಕ್ಲೋನ್, ಜೊತೆಗೆ ಮೌಸ್ ಆಂಟಿಬಾಡಿಗೆ ಅಂಟುವ ಸೆಕೆಂಡರಿ, ಅಂದರೆ ಬಣ್ಣ ಹೊತ್ತ ಎರಡನೇ ಆಂಟಿಬಾಡಿ. ಡೇಟಾಶೀಟ್ ಇರಲಿಲ್ಲ. ಡೀಲರ್‌ಗೆ ಫೋನ್ ಮಾಡಿದರೆ, “ಮೇಡಂ, ಕೆಐ-67 ಅಂದ್ರೆ ಕೆಐ-67 ಅಷ್ಟೇ. ನೀವು ಕೇಳಿದ್ದು ಸ್ಟಾಕ್ ಇಲ್ಲ. ಇದನ್ನೇ ಎಲ್ಲಾ ಆಸ್ಪತ್ರೆಯವರೂ ತಗೊಳ್ತಾರೆ. ಮೌಸ್‌ಗೂ ಆಗುತ್ತೆ” ಎಂದರು. ಮೇಲ್‌ನಲ್ಲೂ ಹಾಗೇ ಬರೆದು ಕೊಟ್ಟರು.

ಆಸ್ಪತ್ರೆಯವರು ತಗೊಳ್ಳುವುದು ನಿಜ. ಮನುಷ್ಯರ ಗಡ್ಡೆಯ ಪ್ಯಾರಾಫಿನ್ ಬ್ಲಾಕ್‌ಗಳಿಗೆ (ಮೇಣದಲ್ಲಿ ಕೂರಿಸಿಟ್ಟ ತುಣುಕುಗಳಿಗೆ) ಎಂಐಬಿ-1 ತುಂಬಾ ಒಳ್ಳೆಯದು. ಆದರೆ ಮೌಸ್‌ನ ಕೆಐ-67 ಅನ್ನು ಅದು ಹಿಡಿಯುವುದಿಲ್ಲ.

ಏನೂ ಕಾಣದೆ ಇದ್ದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಕೋಶಗಳು ಚೆನ್ನಾಗಿಯೇ ಹೊಳೆದವು! ಯಾವ ಪ್ರಚೋದನೆಯೂ ಕೊಡದ ಗುಲ್ಮದಲ್ಲಿ ಅರ್ಧದಷ್ಟು ಕೋಶಗಳು ವಿಭಜನೆ ಆಗುತ್ತಿವೆ ಎಂದರೆ ಯಾರು ನಂಬುತ್ತಾರೆ? ಎಂಐಬಿ-1 ಮೌಸ್‌ನಲ್ಲೇ ತಯಾರಾದ ಆಂಟಿಬಾಡಿ, ಹಾಗಾಗಿ ಅದರ ಸೆಕೆಂಡರಿಗೆ ಮೌಸ್‌ನ ಯಾವ ಆಂಟಿಬಾಡಿ ಆದರೂ ಸರಿ. ಗುಲ್ಮದಲ್ಲಿ ಬಿ ಕೋಶಗಳು ಜಾಸ್ತಿ, ಅವುಗಳ ಮೈಮೇಲೆಲ್ಲ ಮೌಸ್‌ನದೇ ಆಂಟಿಬಾಡಿ. ಸೆಕೆಂಡರಿ ನೇರವಾಗಿ ಅಲ್ಲಿಗೇ ಹೋಗಿ ಅಂಟಿತ್ತು. ಸೆಕೆಂಡರಿ ಮಾತ್ರ ಹಾಕಿದ ಒಂದು ಟ್ಯೂಬ್ ಇಟ್ಟಿದ್ದೆವು, ಅದೂ ಅಷ್ಟೇ ಹೊಳೆಯಿತು. ಆ ಟ್ಯೂಬ್ ಇಲ್ಲದಿದ್ದರೆ ಆ ಅಂಕಿ ಸೀದಾ ಯಾರದೋ ಥೀಸಿಸ್ ಸೇರುತ್ತಿತ್ತು.

ವಾಪಸ್ ತಗೊಳ್ಳಿ ಎಂದರೆ ಡೀಲರ್‌ದು ಒಂದೇ ಮಾತು: ಸೀಲ್ ಒಡೆದಿದೆ. ಆಮೇಲೆ “ಬಿಆರ್‌ಡಿಯು ಆಂಟಿಬಾಡಿ ಕೊಡ್ಲಾ?” ಎಂದು ಬೇರೆ ಕೇಳಿದರು. ಬಿಆರ್‌ಡಿಯು ಅಂದರೆ ಕೋಶ ಹೊಸ ಡಿಎನ್‌ಎ ಮಾಡುವಾಗ ಅದರೊಳಗೆ ಸೇರುವ ವಸ್ತು. ಅದನ್ನು ಕೋಶ ಜೀವಂತ ಇರುವಾಗಲೇ ಉಣಿಸಿರಬೇಕು, ಆಮೇಲೆ ಆಸಿಡ್ ಅಥವಾ ಡಿಎನ್‌ಏಸ್ (ಡಿಎನ್‌ಎ ಕತ್ತರಿಸುವ ಕಿಣ್ವ) ಹಾಕಿ ಡಿಎನ್‌ಎ ಬಿಡಿಸಬೇಕು. ಫಿಕ್ಸ್ ಆದ ಕೋಶಕ್ಕೆ ಈಗ ಆ ಆಂಟಿಬಾಡಿ ತಂದು ಏನು ಮಾಡುವುದು? ಫಾಸ್ಫೋ ಹಿಸ್ಟೋನ್ ಎಚ್3 ಎಂಬ ಇನ್ನೊಂದು ಗುರುತು ಕೂಡ ಕೆಐ-67ಗೆ ಬದಲಿ ಅಲ್ಲ. ಅದು ಮುಖ್ಯವಾಗಿ ಎಂ ಹಂತದ, ಅಂದರೆ ಆಗಲೇ ಎರಡಾಗುತ್ತಿರುವ, ಕೋಶಗಳನ್ನು ತೋರಿಸುತ್ತದೆ, ಅವು ಯಾವಾಗಲೂ ಕಡಿಮೆಯೇ.

ಕೊಟೇಶನ್ ಕೇಳುವಾಗಲೇ ಡೇಟಾಶೀಟ್ ತರಿಸಿಕೊಳ್ಳಿ. ಯಾವ ಪ್ರಾಣಿಯ ಪ್ರೋಟೀನಿಗೆ ಅಂಟುತ್ತದೆ, ಯಾವ ಪ್ರಾಣಿಯಲ್ಲಿ ತಯಾರಾಗಿದೆ, ಫ್ಲೋಗೆ ಪರೀಕ್ಷಿಸಿದ್ದಾರಾ, ಇಷ್ಟು ನೋಡಿ. ನಿಮ್ಮ ಕೋಶ ಮೌಸ್‌ನದಾದರೆ ಬಣ್ಣ ಜೋಡಿಸಿದ್ದನ್ನೇ ಕೇಳಿ, ಸೆಕೆಂಡರಿ ಸಹವಾಸ ಬೇಡ. ಡಿಎನ್‌ಎ ಅಳೆಯಲು ಪ್ರೊಪಿಡಿಯಮ್ ಅಯೋಡೈಡ್ ಹಾಕುವವರು ಪಿಇ (ಫೈಕೋಎರಿಥ್ರಿನ್) ಬಣ್ಣ ಜೋಡಿಸಿದ್ದು ತಗೊಳ್ಳಬೇಡಿ, ಎರಡರ ಬೆಳಕೂ ಒಂದರ ಮೇಲೊಂದು ಬೀಳುತ್ತದೆ. ಬಣ್ಣ ಹಾಕಿದ ಮೇಲೆ ಮೆಥನಾಲ್ ಬಳಸಿದರಂತೂ ಪಿಇ ಹಾಳಾಗುತ್ತದೆ.

ಆರ್ಡರ್‌ನಲ್ಲಿ ಕ್ಲೋನ್, ಕ್ಯಾಟಲಾಗ್ ನಂಬರ್ ಎರಡೂ ಬರೆದು, “ಬದಲಿ ಬೇಡ” ಎಂದು ಸೇರಿಸಿ. ಪಾರ್ಸೆಲ್ ಬಂದ ಕೂಡಲೇ ಸೀಲ್ ಒಡೆಯದೆ ಲೇಬಲ್ ಫೋಟೋ ತೆಗೆಯಿರಿ. ಕ್ಲೋನ್ ಬೇರೆ ಇದ್ದರೆ ಡೀಲರ್ ಏನೇ ಹೇಳಲಿ, ಹಾಗೇ ವಾಪಸ್ ಕಳಿಸಿ, ಬಿಲ್ ಪಾಸ್ ಮಾಡಬೇಡಿ ಎಂದು ಅಕೌಂಟ್ಸ್‌ನವರಿಗೂ ಅವತ್ತೇ ತಿಳಿಸಿಬಿಡಿ.