ಗೇಟ್ ಸ್ಟೈಪೆಂಡ್, ಬ್ಯಾಂಕ್ ಸಾಲ, ಎಸ್‌ಎಸ್‌ಪಿ ಸ್ಕಾಲರ್‌ಶಿಪ್: ಎಂ.ಟೆಕ್ ಓದುವಾಗ ಕೈಹಿಡಿದದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗೇಟ್ ಸ್ಟೈಪೆಂಡ್‌ಗೆ. ಗೇಟ್, ಅಂದರೆ ಎಂ.ಟೆಕ್ ಪ್ರವೇಶ ಪರೀಕ್ಷೆ, ಪಾಸಾಗಿ ಸೇರಿದವರಿಗೆ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇ ತಿಂಗಳಿಗೆ 12,400 ರೂಪಾಯಿ ಕೊಡುತ್ತದೆ, ವಾಪಸ್ ಕಟ್ಟಬೇಕಿಲ್ಲ. ಹಾಸ್ಟೆಲ್, ಮೆಸ್, ಊರಿಗೆ ಹೋಗಿಬರುವ ಬಸ್ ಚಾರ್ಜು ಎಲ್ಲ ಅದರಲ್ಲೇ ನಡೆಯಿತು. ಬದಲಿಗೆ ವಾರಕ್ಕೆ ಎಂಟು ಹತ್ತು ಗಂಟೆ ಕಾಲೇಜಿನ ಕೆಲಸ. ನನಗೆ ಬಿ.ಇ. ಹುಡುಗರ ಲ್ಯಾಬ್ ಸಿಕ್ಕಿತ್ತು, ಖುಷಿಯಾಗೇ ಇತ್ತು. ಫೀಸಿಗೆ ಮಾತ್ರ ಬ್ಯಾಂಕ್ ಸಾಲ ಮಾಡಿದೆ. ಈಗ ಪ್ರತಿ ತಿಂಗಳೂ ಕೈ ಕಚ್ಚುತ್ತಿರುವುದು ಅದೇ.

ಹಾಗಂತ ಸ್ಟೈಪೆಂಡ್ ಸಲೀಸಾಗಿ ಬಂತು ಅಂದುಕೊಳ್ಳಬೇಡಿ. ಮೊದಲ ನಾಲ್ಕು ತಿಂಗಳು ಒಂದು ಪೈಸೆಯೂ ಕಾಣಲಿಲ್ಲ. ಕಾಲೇಜಿನವರು ತಿಂಗಳು ತಿಂಗಳು ಹಾಜರಿ ಖಚಿತಪಡಿಸುತ್ತಿದ್ದರು. ಪೋರ್ಟಲ್ ನೋಡಿದರೆ ಹಣ ಜಮಾ ಆಗಿದೆ ಅನ್ನುತ್ತಿತ್ತು. ಪಾಸ್‌ಬುಕ್ ಮಾತ್ರ ಖಾಲಿ. ಬ್ಯಾಂಕಿಗೆ ಹೋದರೆ ‘ಆಧಾರ್ ಲಿಂಕ್ ಆಗಿದೆಯಲ್ರೀ’ ಅಂತ ಸ್ಕ್ರೀನ್ ತಿರುಗಿಸಿ ತೋರಿಸಿದರು. ಎರಡನೇ ಸಲ ಹೋದಾಗಲೂ ಅದೇ ಮಾತು.

ಲಿಂಕ್ ಆಗುವುದೇ ಬೇರೆ, ಸೀಡಿಂಗ್ ಆಗುವುದೇ ಬೇರೆ. ಆಧಾರ್ ಅನ್ನು ಎಷ್ಟು ಖಾತೆಗೆ ಬೇಕಾದರೂ ಲಿಂಕ್ ಮಾಡಬಹುದು. ಆದರೆ ಆಧಾರ್ ಮೂಲಕ ಬರುವ ಸರ್ಕಾರಿ ಹಣ ಹೋಗುವುದು, ಬ್ಯಾಂಕುಗಳ ನಡುವಿನ ಹಣ ರವಾನೆ ನೋಡಿಕೊಳ್ಳುವ ಎನ್‌ಪಿಸಿಐ ಪಟ್ಟಿಯಲ್ಲಿರುವ ಒಂದೇ ಬ್ಯಾಂಕಿಗೆ, ಅದೂ ಕೊನೆಯದಾಗಿ ಸೀಡ್ ಆದದ್ದಕ್ಕೆ, ಅಂದರೆ ಆ ಪಟ್ಟಿಗೆ ಸೇರಿದ್ದಕ್ಕೆ. ನಾನು ಎಂದೋ ಸಿಮ್ ತಗೊಳ್ಳುವಾಗ ಬೆರಳೊತ್ತಿ, ಗೊತ್ತಿಲ್ಲದೆ ಮೊಬೈಲ್ ಕಂಪನಿಯ ಬ್ಯಾಂಕಿನಲ್ಲಿ ಒಂದು ಖಾತೆ ತೆರೆದಿದ್ದೆ. ಆ ಸಿಮ್ ಬಿಸಾಕಿ ಎರಡು ವರ್ಷವಾಗಿತ್ತು. ನನ್ನ 49,600 ರೂಪಾಯಿ ಅಲ್ಲಿ ಹಾಯಾಗಿ ಕೂತಿತ್ತು!

ಇದನ್ನು ಕಂಡುಹಿಡಿದದ್ದು ಬ್ಯಾಂಕಿನವರಲ್ಲ, ರೂಂಮೇಟ್. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಒಂದು ಕಡೆ ಒತ್ತಿದರೆ ಯಾವ ಬ್ಯಾಂಕ್ ಅಂತ ಹೆಸರು ಬರುತ್ತದೆ. ಎರಡು ನಿಮಿಷದ ಕೆಲಸ. ಅದಕ್ಕೆ ನಾನು ನಾಲ್ಕು ತಿಂಗಳು ಮೆಸ್ ಬಿಲ್ ಸಾಲ ಹೇಳಿದೆ. ಹಳೇ ಖಾತೆಯಿಂದ ಹಣ ಬಿಡಿಸಿಕೊಂಡು, ಬ್ಯಾಂಕಿನಲ್ಲಿ ಸೀಡಿಂಗ್ ಅರ್ಜಿ ಕೊಟ್ಟೆ. ಆಮೇಲೆ ಕೊನೆಯವರೆಗೂ ತೊಂದರೆಯಾಗಲಿಲ್ಲ. ಇನ್ನೊಂದು ಮಾತು: ಸಾಮಾನ್ಯ ಉಳಿತಾಯ ಖಾತೆಯೇ ಬೇಕು, ಜಂಟಿ ಖಾತೆ ನಡೆಯಲ್ಲ. ಸೇರುವಾಗ ಗೇಟ್ ಸ್ಕೋರ್ ಚಾಲ್ತಿಯಲ್ಲಿರಬೇಕು. ಅದು ಮೂರು ವರ್ಷ ನಡೆಯುತ್ತದೆ.

ಬ್ಯಾಂಕ್ ಸಾಲ ನಾನು ಹೆದರಿದಷ್ಟು ಕಷ್ಟವೇನೂ ಆಗಲಿಲ್ಲ. ನಾಲ್ಕು ಲಕ್ಷದೊಳಗಾದ್ದರಿಂದ ಅಪ್ಪ ಜೊತೆಗೆ ಸಹಿ ಹಾಕಿದರೆ ಸಾಕಾಯಿತು, ಮನೆ ಪತ್ರ ಕೇಳಲಿಲ್ಲ. ವರ್ಷಕ್ಕೆ 1.8 ಲಕ್ಷದಂತೆ ಹಣ ನೇರ ಕಾಲೇಜಿಗೆ ಹೋಯಿತು. ಓದು ಮುಗಿದು ಒಂದು ವರ್ಷದವರೆಗೆ ಕಂತಿಲ್ಲ ಅಂದಾಗ ಬಡ್ಡಿಯೂ ಇಲ್ಲ ಅಂದುಕೊಂಡದ್ದು ನನ್ನ ಪೆದ್ದುತನ. ಶೇ. 10ರ ಲೆಕ್ಕದಲ್ಲಿ ಮೊದಲ 1.8 ಲಕ್ಷಕ್ಕೆ ಮೂರು ವರ್ಷದ ಬಡ್ಡಿ 54,000, ಎರಡನೆಯದಕ್ಕೆ ಎರಡು ವರ್ಷಕ್ಕೆ 36,000. ತೆಗೆದದ್ದು 3.6 ಲಕ್ಷ, ಕಂತು ಶುರುವಾಗುವಾಗ 4.5 ಲಕ್ಷ. ಏಳು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 7,500. ಕಂತಿಲ್ಲದ ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ ಇತ್ತು. ಆದರೆ ಅದು 4.5 ಲಕ್ಷದೊಳಗೆ ವರಮಾನ ಇರುವ ಮನೆಗೆ. ಅಪ್ಪ ಹೈಸ್ಕೂಲ್ ಮೇಷ್ಟ್ರು, ಅಲ್ಲಿಗೆ ಮುಗಿಯಿತು.

ಎಸ್‌ಎಸ್‌ಪಿ, ಅಂದರೆ ರಾಜ್ಯ ಸರ್ಕಾರದ ಪೋರ್ಟಲ್ ಮೂಲಕ ಸಿಗುವ ಸ್ಕಾಲರ್‌ಶಿಪ್, ನನಗೆ ಬಂದದ್ದಲ್ಲ, ಎಂ.ಎಸ್ಸಿ. ಓದುವ ಚಿಕ್ಕಪ್ಪನ ಮಗಳಿಗೆ. ಅರ್ಜಿ ತುಂಬಿದ್ದು ನಾನು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೈಯಲ್ಲಿದ್ದರೆ ಅರ್ಧ ಕೆಲಸ ಆದಂತೆ. ಮಾರ್ಕ್ಸ್ ಕಾರ್ಡಿನಲ್ಲಿದ್ದ ಇನಿಷಿಯಲ್ ಆಧಾರ್‌ನಲ್ಲಿ ಇರಲಿಲ್ಲ, ಅದನ್ನು ಸರಿಮಾಡಿಸಲು ಒಂದು ದಿನ ಹಾಳು. ಕಾಲೇಜಿಗೆ ಸೇರಿದ ಮೇಲಷ್ಟೇ ಅರ್ಜಿ ಹಾಕುವುದು, ಹಾಗಾಗಿ ಮೊದಲ ಫೀಸನ್ನು ಚಿಕ್ಕಪ್ಪ ಅಡಿಕೆ ಮಾರಿದ ದುಡ್ಡಲ್ಲೇ ಕಟ್ಟಿದರು. ಅವಳ ಸೀಡಿಂಗ್ ಮಾತ್ರ ಮೊದಲ ದಿನವೇ ನೋಡಿಸಿದ್ದೆ!

ಎಂ.ಟೆಕ್‌ಗೆ ಹೊರಟವರು ಕೇಳಿದರೆ, ಗೇಟ್ ಆಗದಿದ್ದರೆ ಒಂದು ವರ್ಷ ಕಾದು ಇನ್ನೊಮ್ಮೆ ಬರೆಯಿರಿ ಅನ್ನುತ್ತೇನೆ. ಖರ್ಚಿಗೂ ಸಾಲ ಮಾಡಬೇಡಿ. ಕೈಯಲ್ಲಿದ್ದರೆ ಉಡಾಯಿಸುವ ಜಾಯಮಾನ ನನ್ನದು. ತಿಂಗಳಿಗಿಷ್ಟೇ ಅಂತ ಬಂದದ್ದರಿಂದ ಬಚಾವಾದೆ. ಫೀಸಿಗೆ ಸಾಲ ಮಾಡಲೇಬೇಕಾದರೆ ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋಗಿ. ನನ್ನ ಲೆಕ್ಕದಲ್ಲಿ ಅದು ಮೊದಲ ವರ್ಷ ತಿಂಗಳಿಗೆ 1,500, ಎರಡನೇ ವರ್ಷ 3,000 ಆಗುತ್ತಿತ್ತು. ಹಾಗೆ ಕಟ್ಟಿದವರಿಗೆ ಬಡ್ಡಿದರದಲ್ಲಿ ಶೇ. 1 ಬಿಡುವ ಬ್ಯಾಂಕುಗಳೂ ಇವೆ. 12,400ರಲ್ಲಿ ಅಷ್ಟು ತೆಗೆದಿಡಬಹುದಿತ್ತು, ವೀಕೆಂಡ್ ಬಿರಿಯಾನಿ ಬಿಟ್ಟಿದ್ದರೆ.