ಪೋಸ್ಟ್‌ಫಿಕ್ಸ್ ಜೊತೆಗೆ ಸೈರಸ್ಸೋ, ಡವ್‌ಕಾಟೋ? ಎರಡನ್ನೂ ಓಡಿಸಿ ನೋಡಿದ ಮೇಲೆ

ಹೊಸದಾಗಿ ಮೇಲ್ ಸರ್ವರ್ ಹಾಕಿದವರಿಗೆ 535 5.7.8 (ಲಾಗಿನ್ ಆಗಲಿಲ್ಲ) ಅನ್ನೋ ಎರರ್ ಗೊತ್ತೇ ಇರುತ್ತದೆ. ಪಾಸ್‌ವರ್ಡ್ ಸರಿ ಇದೆ, ಮೇಲ್ ಬರುತ್ತಲೂ ಇದೆ. ಕಳಿಸಲು ಹೋದರೆ ಮಾತ್ರ ಮತ್ತೆ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಮೇಲ್ ಸಾಗಿಸುವ ಪ್ರೋಗ್ರಾಂ ಪೋಸ್ಟ್‌ಫಿಕ್ಸ್ ತಾನೇ ಪಾಸ್‌ವರ್ಡ್ ನೋಡುವುದಿಲ್ಲ. ಸೈರಸ್ (ಲಾಗಿನ್ ನೋಡಿಕೊಳ್ಳುವ ಲೈಬ್ರರಿ) ಅಥವಾ ಡವ್‌ಕಾಟ್ (ಇನ್‌ಬಾಕ್ಸ್ ಓದಲು ಬೇಕಾದ ಐಮ್ಯಾಪ್ ಸರ್ವರ್) ಹತ್ತಿರ ಕೇಳಿ ತಿಳಿದುಕೊಳ್ಳುತ್ತದೆ. ಡೆಬಿಯನ್ ಲಿನಕ್ಸ್ ಮೇಲೆ ಎರಡನ್ನೂ ಓಡಿಸಿ ನೋಡಿದ್ದೇನೆ. ನನ್ನ ಮಟ್ಟಿಗೆ ತೊಂದರೆ ಹುಟ್ಟಿದ್ದು ಬಹುಪಾಲು ಈ ಕೇಳುವ ದಾರಿಯಲ್ಲೇ.

ಮೊದಲು ಸೈರಸ್. ಇದರಲ್ಲಿ ಪಾಸ್‌ವರ್ಡ್ ಪರೀಕ್ಷಿಸುವುದು ಸಾಸ್ಲ್‌ಆಥ್‌ಡಿ (saslauthd) ಅನ್ನೋ ಹಿನ್ನೆಲೆಯ ಪ್ರೋಗ್ರಾಂ. ಅದರ ಜೊತೆ ಬರುವ ಪರೀಕ್ಷೆಯ ಕಮಾಂಡ್ ಕೊಟ್ಟರೆ 'ಓಕೆ' ಅನ್ನುತ್ತದೆ, ಥಂಡರ್‌ಬರ್ಡ್ ಮೇಲ್ ಆ್ಯಪ್‌ನಿಂದ ಕಳಿಸಿದರೆ ಆಗುವುದಿಲ್ಲ! ಕಾರಣ ಇಷ್ಟೇ: ನಾನು ಓಡಿಸಿದ ಡೆಬಿಯನ್‌ನಲ್ಲಿ ಪೋಸ್ಟ್‌ಫಿಕ್ಸ್‌ನ ಎಸ್‌ಎಂಟಿಪಿ ಭಾಗ (ನಾವು ಕಳಿಸುವ ಮೇಲ್ ತೆಗೆದುಕೊಳ್ಳುವುದು) ಕ್ರೂಟ್ (chroot) ಒಳಗೆ ಓಡುತ್ತದೆ. ತನ್ನ ಸ್ಪೂಲ್ ಫೋಲ್ಡರ್ ಬಿಟ್ಟು ಹೊರಗಿನದು ಅದಕ್ಕೆ ಕಾಣುವುದೇ ಇಲ್ಲ. ಸಾಸ್ಲ್‌ಆಥ್‌ಡಿ ಜೊತೆ ಬೇರೆ ಪ್ರೋಗ್ರಾಂಗಳು ಮಾತಾಡುವ ಸಾಕೆಟ್ ಫೈಲ್ ಇರುವುದು ಹೊರಗೆ. ನಾವು ಕಮಾಂಡ್ ಕೊಡುವುದೂ ಹೊರಗಿನಿಂದಲೇ, ಅಲ್ವಾ? ಹಾಗಾಗಿ ನಮಗೆ ಎಲ್ಲ ಸರಿ ಕಾಣುತ್ತದೆ. ಸಾಕೆಟ್ ಜಾಗವನ್ನು ಸ್ಪೂಲ್ ಒಳಗೆ ಬದಲಾಯಿಸಿ, ಪೋಸ್ಟ್‌ಫಿಕ್ಸ್ ಯೂಸರನ್ನು ಸಾಸ್ಲ್ ಗ್ರೂಪಿಗೆ ಸೇರಿಸಿ, ಎರಡನ್ನೂ ರೀಸ್ಟಾರ್ಟ್ ಮಾಡಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ಪೂರ್ತಿ ಮೇಲ್ ವಿಳಾಸವನ್ನೇ ಯೂಸರ್‌ನೇಮ್ ಆಗಿ ಇಟ್ಟಿದ್ದರೆ, ಅದು '@' ಹತ್ತಿರ ಎರಡು ತುಂಡಾಗುತ್ತದೆ. ಡೇಟಾಬೇಸಿನಲ್ಲಿ ಪೂರ್ತಿ ವಿಳಾಸ ಇದೆ, ಹುಡುಕುವುದು ಬರೀ ಹೆಸರನ್ನು. ಸಾಸ್ಲ್‌ಆಥ್‌ಡಿಗೆ 'ಮೈನಸ್ ಆರ್' (-r) ಆಯ್ಕೆ ಕೊಟ್ಟರೆ ಎರಡನ್ನೂ ಮತ್ತೆ ಕೂಡಿಸಿ ಹುಡುಕುತ್ತದೆ. ಇದೊಂದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಪಾಸ್‌ವರ್ಡ್ ಬದಲಾಯಿಸುತ್ತಾ ಕೂರುತ್ತಾರೆ.

ಡವ್‌ಕಾಟ್‌ನಲ್ಲಿ ಇಷ್ಟು ಕಷ್ಟ ಇಲ್ಲ. ಐಮ್ಯಾಪ್‌ಗೆ ಪಾಸ್‌ವರ್ಡ್ ನೋಡುವುದೂ ಅದೇ, ಕಳಿಸುವಾಗ ನೋಡುವುದೂ ಅದೇ. ಇನ್‌ಬಾಕ್ಸ್ ತೆರೆದುಕೊಂಡಿತು ಅಂದರೆ ಪಾಸ್‌ವರ್ಡ್ ಮೇಲೆ ಅನುಮಾನ ಬೇಡ. ಹುಡುಕಬೇಕಾದ ಜಾಗ ಚಿಕ್ಕದಾಗುತ್ತದೆ. ನನಗೆ ಇದಕ್ಕಿಂತ ದೊಡ್ಡ ಅನುಕೂಲ ಬೇಕಿಲ್ಲ. ಸ್ಪೂಲ್ ಒಳಗಿನ ಪ್ರೈವೇಟ್ ಫೋಲ್ಡರಿನಲ್ಲಿ 'ಆಥ್' ಸಾಕೆಟ್ ಇದೆಯಾ, ಅದರ ಮಾಲೀಕ ಪೋಸ್ಟ್‌ಫಿಕ್ಸ್ ಯೂಸರೇನಾ, ಮೋಡ್ 0660 (ಮಾಲೀಕ, ಗ್ರೂಪ್ ಮಾತ್ರ ಓದಿ ಬರೆಯಬಹುದು) ಇದೆಯಾ, ಇಷ್ಟು ನೋಡಿ. ಹಳೇ ಔಟ್‌ಲುಕ್ ಇರುವ ಆಫೀಸಾದರೆ 'ಪ್ಲೇನ್' ಜೊತೆಗೆ 'ಲಾಗಿನ್' ವಿಧಾನವನ್ನೂ ಸೇರಿಸಿ. ಒಂದು ಎಚ್ಚರಿಕೆ: 2025ರಲ್ಲಿ ಬಂದ ಡವ್‌ಕಾಟ್ 2.4ರಲ್ಲಿ ಸೆಟ್ಟಿಂಗ್ ಬರೆಯುವ ರೀತಿಯೇ ಬದಲಾಗಿದೆ. 2.3ರ ಫೈಲನ್ನು ಹಾಗೇ ತಂದು ಹಾಕಿದರೆ ಓಡುವುದಿಲ್ಲ.

ಎರಡರಲ್ಲೂ ಲಾಗ್ ನೋಡುವಾಗ ಒಂದು ವಿಷಯ ಗಾಬರಿ ಹುಟ್ಟಿಸುತ್ತದೆ. 'ಫೇಲ್ಡ್' ಪಕ್ಕದಲ್ಲಿ 'ಯುಜಿಎಫ್' (UGF) ಅಂತ ಶುರುವಾಗುವ ವಿಚಿತ್ರ ಅಕ್ಷರಗಳು ಕಾಣುತ್ತವೆ. ಯಾರದೋ ಪಾಸ್‌ವರ್ಡ್ ಲಾಗಿಗೆ ಬಿದ್ದಿದೆ ಅಂದುಕೊಳ್ಳಬೇಡಿ. ಸರ್ವರ್ ಕೇಳುವ 'ಪಾಸ್‌ವರ್ಡ್:' ಅನ್ನೋ ಪದವೇ ಬೇಸ್64 ಅನ್ನೋ ಅಕ್ಷರ-ಸಂಕೇತದಲ್ಲಿ ಹಾಗೆ ಕಾಣುತ್ತದೆ. ಗೊತ್ತಿಲ್ಲದ ಐಪಿಗಳಿಂದ ಇಂಥ ಸಾಲು ಜಾಸ್ತಿ ಬರುತ್ತಿದ್ದರೆ ನಿಮ್ಮ ಸೆಟ್ಟಿಂಗ್ ಕೆಟ್ಟಿದೆ ಅಂತಲ್ಲ, ಯಾರೋ ಪಾಸ್‌ವರ್ಡ್ ಊಹಿಸಲು ನೋಡುತ್ತಿದ್ದಾರೆ. ಅದಕ್ಕೆ ಅಂಥ ಐಪಿಗಳನ್ನು ತಡೆಯುವ ಫೇಲ್‌ಟುಬ್ಯಾನ್ (fail2ban) ಹಾಕಿ.

ಹೊಸ ಸರ್ವರಿಗೆ ನಾನು ಡವ್‌ಕಾಟ್ ಅನ್ನೇ ಹೇಳುತ್ತೇನೆ. ಐಮ್ಯಾಪ್ ಬೇಡವೇ ಬೇಡ, ಬರೀ ಕಳಿಸುವ ಸರ್ವರ್ ಸಾಕು ಅನ್ನುವವರಿಗೆ ಸೈರಸ್ ಆದೀತು. ಆದರೆ ಡವ್‌ಕಾಟ್ ಆರಿಸಿಕೊಂಡರೂ ಸೈರಸ್ ಲೈಬ್ರರಿಯನ್ನು ಕಿತ್ತುಹಾಕಬೇಡಿ. ನಿಮ್ಮ ಮೇಲ್ ಬೇರೆ ರಿಲೇ ಸರ್ವರ್ ಮೂಲಕ ಹೋಗುವುದಾದರೆ, ಅಲ್ಲಿಗೆ ಲಾಗಿನ್ ಆಗಲು ಪೋಸ್ಟ್‌ಫಿಕ್ಸ್‌ಗೆ ಸೈರಸ್ಸೇ ಬೇಕು. 'ನೋ ಮೆಕ್ಯಾನಿಸಂ ಅವೇಲಬಲ್' ಅಂತ ಲಾಗಿನಲ್ಲಿ ಬಂದರೆ ಸೈರಸ್‌ನ ಮಾಡ್ಯೂಲ್ ಪ್ಯಾಕೇಜ್ ಇದೆಯಾ ಅಂತ ಮೊದಲು ನೋಡಿ.